ಮೀಟರಿನ ಕೆಂಪು ಚುಕ್ಕಿ, ಕುಕ್ಕರಿನ ಕೂಗು

ಮೈಸೂರಿನ ಒಂದು ಬಡಾವಣೆಯಲ್ಲಿ, ನಿವಾಸಿಗಳ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.

ಮೂವತ್ತು ವರ್ಷದಿಂದ ನಾನು ವೈರಿಂಗ್ ಮತ್ತು ರಿಪೇರಿ ಕೆಲಸ ಮಾಡುತ್ತಿದ್ದೇನೆ. ಮಿಕ್ಸಿ, ಗೀಸರ್, ಮೋಟರ್, ಗ್ಯಾಸ್ ಸ್ಟವ್, ಏನು ಕೆಟ್ಟರೂ ನನ್ನ ಅಂಗಡಿಗೆ ಬರುತ್ತದೆ. ಈಚೆಗೆ ಸಾಮಾನಿನ ಜೊತೆ ಬಿಲ್ಲೂ ಬರುತ್ತಿದೆ. "ನೋಡಿ ಸಾರ್, ಇಷ್ಟು ಬಂದಿದೆ, ಮೀಟರ್ ಜೋರಾಗಿ ಓಡ್ತಿದೆ ಅನ್ಸುತ್ತೆ" ಅನ್ನುತ್ತಾರೆ. ನಾನು ಕಂಡ ಹಾಗೆ ಮೀಟರ್ ಕೆಟ್ಟಿರುವುದು ಬಹಳ ಅಪರೂಪ. ಓಡುತ್ತಿರುವುದು ಮನೆಯೊಳಗಿನ ಇನ್ನೇನೋ.

ಒಂದು ಪ್ರಶ್ನೆ ಕೇಳುತ್ತೇನೆ. ಕರೆಂಟ್ ಬಿಲ್ ಕಡಿಮೆ ಮಾಡಬೇಕು ಅಂದರೆ ನೀವು ಮೊದಲು ಏನು ಮಾಡುತ್ತೀರಿ? ಲೈಟ್ ಆಫ್ ಮಾಡುತ್ತೀರಿ, ಅಲ್ವಾ? ಎಲ್ಲ ಕಡೆಯೂ ಇದೇ ಉತ್ತರ ಬರುತ್ತದೆ. ಲೆಕ್ಕ ಹಾಕೋಣ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂಕಾಲು, ಒಂದೂವರೆ ಯೂನಿಟ್. 2024ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ಮನೆಗಳಿಗೆ ಜಾಸ್ತಿ ಬಳಸಿದರೆ ಜಾಸ್ತಿ ದರ ಅನ್ನುವ ಸ್ಲ್ಯಾಬ್ ತೆಗೆದು ಒಂದೇ ದರ ಮಾಡಿದ್ದಾರೆ. ಯೂನಿಟ್‌ಗೆ ಆರು ರೂಪಾಯಿಯ ಆಸುಪಾಸು. ಅದರ ಮೇಲೆ ಟ್ಯಾಕ್ಸು, ಸರ್‌ಚಾರ್ಜು. ಲೆಕ್ಕ ಸುಲಭ ಆಗಲಿ ಅಂತ ಇವತ್ತು ಏಳು ರೂಪಾಯಿ ಅಂತ ಇಟ್ಟುಕೊಳ್ಳೋಣ. ಮುಂದೆ ದರ ಬದಲಾದರೆ ನಿಮ್ಮ ಬಿಲ್ ನೋಡಿ ಅದನ್ನೇ ಹಾಕಿಕೊಳ್ಳಿ. ಹಾಗಾದರೆ ಆ ಬಲ್ಬಿಗೆ ತಿಂಗಳಿಗೆ ಒಂಬತ್ತು ಹತ್ತು ರೂಪಾಯಿ ಆಯಿತು. ಖಂಡಿತ ಆಫ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಮಗೆ ಆ ಅಭ್ಯಾಸ ಬಂದದ್ದು ಅರವತ್ತು ವ್ಯಾಟಿನ ಹಳದಿ ಬಲ್ಬಿನ ಕಾಲದಲ್ಲಿ. ಆಗ ಅದೇ ಐದು ಗಂಟೆಗೆ ಒಂಬತ್ತು ಯೂನಿಟ್ ಹೋಗುತ್ತಿತ್ತು. ಬಲ್ಬು ಬದಲಾಯಿತು, ಬೈಯುವುದು ಮಾತ್ರ ಬದಲಾಗಲಿಲ್ಲ.

ಮಿಕ್ಸಿಯ ಕಥೆಯೂ ಇದೇ. ಎಷ್ಟೋ ಮನೆಗಳಲ್ಲಿ ಸೊಸೆ ಚಟ್ನಿ ರುಬ್ಬಿದರೆ ಅತ್ತೆಗೆ ಮೀಟರ್ ನೆನಪಾಗುತ್ತದೆ. ಐನೂರು ವ್ಯಾಟಿನ ಮಿಕ್ಸಿ ಹತ್ತು ನಿಮಿಷ ಓಡಿದರೆ ಅರವತ್ತು ಪೈಸೆ. ಮೊಬೈಲ್ ಚಾರ್ಜ್ ಮಾಡುವುದಕ್ಕೆ ತಿಂಗಳಿಗೆ ಒಂದು ಯೂನಿಟ್ಟೂ ಬೇಡ. ಸದ್ದು ಮಾಡುವುದು, ಬೆಳಕು ಕೊಡುವುದು ನಮ್ಮ ಕಣ್ಣಿಗೆ ಕಿವಿಗೆ ಬೀಳುತ್ತದೆ. ದುಡ್ಡು ತಿನ್ನುವುದು ಸುಮ್ನೆ ಮೂಲೆಯಲ್ಲಿ ಕೂತಿರುತ್ತದೆ.

ಮನೆಯಲ್ಲಿ ಕರೆಂಟ್ ಮೂರು ಕೆಲಸಕ್ಕೆ ಜಾಸ್ತಿ ಹೋಗುತ್ತದೆ. ಬಿಸಿ ಮಾಡುವುದು, ತಂಪು ಮಾಡುವುದು, ನೀರು ಮೇಲೆತ್ತುವುದು. ಇವುಗಳಲ್ಲಿ ಬಿಸಿ ಮಾಡುವುದೇ ಯಜಮಾನ. ಅದಕ್ಕೇ ಬಚ್ಚಲಿನಿಂದ ಶುರು ಮಾಡುತ್ತೇನೆ.

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಹದವಾಗಿ ಬಿಸಿ ಮಾಡುವುದಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಸಾಕು. ಮೂರು ರೂಪಾಯಿ. ಶವರ್ ಕೆಳಗೆ ಹತ್ತು ನಿಮಿಷ ನಿಂತರೆ ಎಂಬತ್ತು ಲೀಟರ್ ಸುಲಭವಾಗಿ ಹೋಗುತ್ತದೆ. ನಾಲ್ಕು ಬಕೆಟ್ ಆಯಿತು, ಹನ್ನೆರಡು ರೂಪಾಯಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಬಕೆಟ್ ಸ್ನಾನಕ್ಕೆ ತಿಂಗಳಿಗೆ ಐವತ್ತು ಯೂನಿಟ್, ಶವರ್ ಸ್ನಾನಕ್ಕೆ ಇನ್ನೂರು. ಇನ್ನೂರು ಯೂನಿಟ್! ಆ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

ಶವರ್ ಬಿಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಮಗನಿಗೇ ಹೇಳಿ ಸೋತಿದ್ದೇನೆ. ಆದರೆ ಸೋಪು ಹಚ್ಚಿಕೊಳ್ಳುವಾಗ ನಲ್ಲಿ ನಿಲ್ಲಿಸಬಹುದು. ಇನ್ನೊಂದು, ಗೀಸರಿನಲ್ಲಿ ಥರ್ಮೋಸ್ಟಾಟ್ ಅಂತ ಒಂದು ತಿರುಗಣೆ ಇರುತ್ತದೆ. ತುಂಬಾ ಜನ ಅದನ್ನು ಕೊನೆಯವರೆಗೆ ತಿರುಗಿಸಿ ಇಟ್ಟಿರುತ್ತಾರೆ. ನೀರು ಕೊತಕೊತ ಬರುತ್ತದೆ, ಅದಕ್ಕೆ ತಣ್ಣೀರು ಬೆರೆಸುತ್ತೇವೆ.  ಸ್ನಾನ ಮುಗಿದ ಮೇಲೂ ಟ್ಯಾಂಕಿನಲ್ಲಿ ಕಾದ ನೀರು ಉಳಿದು ತಣ್ಣಗಾಗುತ್ತದೆ. ಐವತ್ತು ಡಿಗ್ರಿಯ ಹತ್ತಿರ ಇಟ್ಟು, ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಒಬ್ಬರ ಹಿಂದೆ ಒಬ್ಬರು ಮುಗಿಸಿದರೆ ಒಳ್ಳೆಯದು. ಆರು ಗಂಟೆಗೆ ಒಬ್ಬರು, ಒಂಬತ್ತಕ್ಕೆ ಇನ್ನೊಬ್ಬರು, ನಡುವೆ ಸ್ವಿಚ್ ಹಾಕಿಯೇ ಇದೆ ಅಂದರೆ ಗೀಸರ್ ಬಚ್ಚಲ ಮನೆಯ ಗಾಳಿಯನ್ನು ಕಾಯಿಸುತ್ತಾ ಕೂತಿರುತ್ತದೆ.

ಇಲ್ಲಿ ನನ್ನ ಕಸುಬಿಗೇ ಕಲ್ಲು ಹಾಕಿಕೊಳ್ಳುವ ಒಂದು ಮಾತು ಹೇಳುತ್ತೇನೆ. ಬೋರ್‌ವೆಲ್ ನೀರಿನಿಂದ ಗೀಸರಿನ ಕಾಯಿಲ್ ಮೇಲೆ ಬಿಳಿ ಗಟ್ಟಿ ಕೂರುತ್ತದೆ. "ಅದನ್ನು ಕ್ಲೀನ್ ಮಾಡಿಸಿದರೆ ಬಿಲ್ ಅರ್ಧ ಆಗುತ್ತೆ" ಅಂತ ಹೇಳುವವರಿದ್ದಾರೆ. ಆಗುವುದಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿದೆ. ಅದರ ಬಿಸಿ ಗಟ್ಟಿಯನ್ನು ದಾಟಿ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಆದರೆ ಒಳಗಿನ ಬಿಸಿ ಹೊರಗೆ ಬರಲು ತಡವಾಗಿ ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಕ್ಲೀನ್ ಮಾಡಿಸಿ, ಹೊಸ ಕಾಯಿಲಿನ ದುಡ್ಡು ಉಳಿಯುತ್ತದೆ. ಕರೆಂಟ್ ಬಿಲ್ಲಿನ ಆಸೆ ಇಟ್ಟುಕೊಳ್ಳಬೇಡಿ.

ಸೋಲಾರ್ ಬಿಸಿನೀರು ಇರುವವರು ಕೈ ಎತ್ತಿ. ಅರ್ಧಕ್ಕೆ ಅರ್ಧ ಇದ್ದೀರಿ. ನಿಮ್ಮ ಸೋಲಾರ್ ಟ್ಯಾಂಕಿಗೆ ಮೋಡದ ದಿನಕ್ಕೆ ಅಂತ ಒಂದು ಕಾಯಿಲ್ ಹಾಕಿರುತ್ತಾರೆ. ಅದರ ಸ್ವಿಚ್ ಎಲ್ಲಿದೆ ಗೊತ್ತಾ? ಒಂದು ಮನೆಯಲ್ಲಿ ಅದು ಎರಡು ವರ್ಷದಿಂದ ಆನ್ ಇತ್ತು. ಸಂಜೆ ಎಲ್ಲರೂ ನೀರು ಬಳಸುತ್ತಾರೆ, ಟ್ಯಾಂಕಿಗೆ ತಣ್ಣೀರು ಬರುತ್ತದೆ, ರಾತ್ರಿ ಕಾಯಿಲ್ ಅದನ್ನು ಕಾಯಿಸುತ್ತದೆ. ಬೆಳಿಗ್ಗೆ ಸೂರ್ಯ ಬಂದಾಗ ನೀರು ಆಗಲೇ ಬಿಸಿ. ಸೂರ್ಯನಿಗೆ ಕೆಲಸವೇ ಇಲ್ಲ. ಸೋಲಾರ್ ಹಾಕಿಸಿ ಕರೆಂಟಿನಲ್ಲಿ ಸ್ನಾನ ಮಾಡುತ್ತಿದ್ದರು. ಮಳೆಗಾಲ ಬಿಟ್ಟು ಉಳಿದ ದಿನ ಆ ಸ್ವಿಚ್ ಮೇಲೆ ಟೇಪ್ ಅಂಟಿಸಿಬಿಡಿ.

ನಮ್ಮ ಅಜ್ಜಿ ಮನೆಯಲ್ಲಿ ತಾಮ್ರದ ಹಂಡೆ ಇತ್ತು. ತೆಂಗಿನ ಸೋಗೆ, ಸಿಪ್ಪೆ, ಕರಟ ಎಲ್ಲ ಅದರ ಒಲೆಗೇ. ಆ ಒಲೆಯಲ್ಲಿ ಹತ್ತು ಪಾಲು ಬೆಂಕಿ ಹಾಕಿದರೆ ಪಾತ್ರೆಗೆ ಒಂದು ಪಾಲು ಹೋದರೆ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅನ್ನುವ ವಿಜ್ಞಾನಿ ಇದ್ದರು. 1974ರಲ್ಲಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡಬಹುದು, ಹೊಗೆಗೆ ಕೊಳವೆ. ನಿಮ್ಮಲ್ಲಿ ಹಳ್ಳಿಯಿಂದ ಬಂದವರು ನೋಡಿರುತ್ತೀರಿ. ರೆಡ್ಡಿಯವರ ಯೋಚನೆ ನನಗೆ ತುಂಬಾ ಇಷ್ಟ. ಜನಕ್ಕೆ ಬೇಕಾದ್ದು ಕರೆಂಟ್ ಅಲ್ಲ, ಸೌದೆಯೂ ಅಲ್ಲ. ಬೆಳಕು ಬೇಕು, ಬೆಂದ ಅನ್ನ ಬೇಕು. ಅದನ್ನು ಕಡಿಮೆಯಲ್ಲಿ ಹೇಗೆ ಕೊಡಬಹುದು ನೋಡಿ ಅನ್ನುವುದು ಅವರ ದಾರಿ. ನಾನು ರಿಪೇರಿಯವನು, ನನಗೆ ಇದು ತಟ್ಟಂತ ಅರ್ಥವಾಯಿತು.

ಅನ್ನ ಅಂದ ಕೂಡಲೇ ಅಡುಗೆ ಮನೆಗೆ ಹೋಗೋಣ. ನೀರು ಒಮ್ಮೆ ಕುದಿಯುವುದಕ್ಕೆ ಶುರುವಾದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದರ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ನಮ್ಮ ಮೈಸೂರು ಸ್ವಲ್ಪ ಎತ್ತರದಲ್ಲಿರುವುದರಿಂದ ನೂರಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಗೇ ನೀರು ಕುದಿಯುತ್ತದೆ. ಅಲ್ಲಿಗೇ ನಿಂತುಬಿಡುತ್ತದೆ. ಹಾಗಾದರೆ ಜೋರು ಉರಿ ಏನು ಮಾಡುತ್ತದೆ? ನೀರನ್ನು ಆವಿ ಮಾಡುತ್ತದೆ. ಒಂದು ಲೀಟರ್ ನೀರನ್ನು ಕುದಿಯುವವರೆಗೆ ತರಲು ಎಷ್ಟು ಬಿಸಿ ಬೇಕೋ, ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟು ಬೇಕು. ಏಳು ಪಟ್ಟು! ತಟ್ಟೆ ಮುಚ್ಚದೆ ಸಾರು ಕೊತಕೊತ ಕುದಿಸುವಾಗ ಕಿಟಕಿಯಿಂದ ಹೋಗುತ್ತಿರುವ ಆವಿ ಇದೆಯಲ್ಲ, ನಿಮ್ಮ ಸಿಲಿಂಡರ್ ಅದೇ. ಅದಕ್ಕೇ ಕುದಿ ಬಂದ ಕೂಡಲೇ ಸಣ್ಣ ಉರಿ, ಮೇಲೆ ಮುಚ್ಚಳ. ತೊಗರಿ ಬೇಳೆ ಅಷ್ಟೇ ಬೇಗ ಬೇಯುತ್ತದೆ, ಅನುಮಾನ ಇದ್ದರೆ ಮನೆಯಲ್ಲಿ ಗಡಿಯಾರ ಹಿಡಿದು ನೋಡಿ.

ಕುಕ್ಕರಿನ ಜಾಣತನ ಇಲ್ಲೇ ಇದೆ. ಆವಿಯನ್ನು ಹಿಡಿದಿಟ್ಟು ಒಳಗಿನ ಬಿಸಿಯನ್ನು ನೂರಿಪ್ಪತ್ತು ಡಿಗ್ರಿಯವರೆಗೆ ಏರಿಸುತ್ತದೆ. ಆದರೆ ನಾವೇನು ಮಾಡುತ್ತೇವೆ? "ಐದು ಕೂಗು ಕೂಗಿಸು" ಅನ್ನುತ್ತೇವೆ. ಕುಕ್ಕರ್ ಕೂಗುವುದು ಅಂದರೆ ಹಿಡಿದಿಟ್ಟ ಆವಿಯನ್ನು ಹೊರಗೆ ಬಿಡುವುದು. ಬೇಯಿಸುವುದು ಕೂಗು ಅಂತ ನಾವು ತಿಳಿದಿದ್ದೇವೆ. ಬೇಯಿಸುವುದು ಒಳಗಿನ ಒತ್ತಡ ಮತ್ತು ಸಮಯ. ಮೊದಲ ಕೂಗಿಗೆ ಉರಿ ಸಿಮ್‌ಗೆ ಇಳಿಸಿ. ಮತ್ತೆ ಕೂಗಬಾರದು, ಬುಸ್ ಬುಸ್ ಅಂತಿರಬೇಕು. ಹತ್ತು ನಿಮಿಷ ಬಿಟ್ಟು ಆಫ್ ಮಾಡಿ. ಒತ್ತಡ ತಾನಾಗಿ ಇಳಿಯುವವರೆಗೂ ಒಳಗೆ ಬೇಯುತ್ತಲೇ ಇರುತ್ತದೆ. ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡುವವರು ಪುಕ್ಕಟೆ ಬಿಸಿಯನ್ನು ಮೋರಿಗೆ ಚೆಲ್ಲುತ್ತಾರೆ. ಕೆಳಗೆ ಬೇಳೆ, ಮೇಲೆ ಅನ್ನ, ಇನ್ನೂ ಜಾಗವಿದ್ದರೆ ಆಲೂಗಡ್ಡೆ, ಎಲ್ಲ ಒಂದೇ ಸಲಕ್ಕೆ. ಬೇಳೆ ಅರ್ಧ ಗಂಟೆ ನೆನೆದಿರಲಿ, ಕಡಲೆ, ಹುರುಳಿ ರಾತ್ರಿಯೇ ನೆನೆಯಲಿ. ಇದು ನಿಮಗೆ ನಾನು ಹೇಳಿಕೊಡಬೇಕಾದ್ದಲ್ಲ.

ಮಂಗಳೂರು ಕಡೆಯವರು ಯಾರಾದರೂ ಇದ್ದೀರಾ? ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತು. ಅಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆ ಸಮೇತ ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚುತ್ತಾರೆ. ಅದು ದೊಡ್ಡ ಫ್ಲಾಸ್ಕ್ ಅಷ್ಟೇ. ಒಲೆ ಆಫ್. ತನ್ನ ಬಿಸಿಯಲ್ಲೇ ಅನ್ನ ಬೇಯುತ್ತದೆ. ಇದಕ್ಕಿಂತ ಒಳ್ಳೆಯ ಗ್ಯಾಸ್ ಉಳಿಸುವ ಸಾಧನ ನಾನು ಕಂಡಿಲ್ಲ. ಮೈಸೂರು, ಮಂಡ್ಯ ಕಡೆ ನಾವು ಇದನ್ನು ಯಾಕೆ ಹಿಡಿದುಕೊಳ್ಳಲಿಲ್ಲವೋ ಗೊತ್ತಿಲ್ಲ.

ಉರಿಯ ಬಣ್ಣ ನೋಡಿ. ನೀಲಿ ಇದ್ದರೆ ಸರಿ. ಹಳದಿ ನಾಲಿಗೆ ಚಾಚುತ್ತಿದ್ದರೆ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಬರ್ನರಿನ ತೂತು ಕಟ್ಟಿದೆ ಅಂತ. ಹಾಲು ಉಕ್ಕಿ ಕಟ್ಟಿರುತ್ತದೆ. ಬರ್ನರ್ ತೆಗೆದು ಬಿಸಿನೀರಿನಲ್ಲಿ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಒಣಗಿಸಿ ಹಾಕಿ. ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ಟಿಗೆ ಮಾತ್ರ ಪಿನ್ ಹಾಕಬೇಡಿ, ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಹೋಗುತ್ತದೆ. ಸಿಲಿಂಡರ್ ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟು ದಿನ ಬಂತು ಅಂತ ಗೊತ್ತಿಲ್ಲದೆ ಉಳಿಸಿದ್ದೇವೆ ಅನ್ನುವುದಕ್ಕೆ ಅರ್ಥ ಇಲ್ಲ. ಸಿಲಿಂಡರ್ ತಂದವರಿಗೆ ತೂಕ ಹಾಕಿ ತೋರಿಸಲು ಕೇಳಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಅದಕ್ಕೆ 14.2 ಕೆಜಿ ಸೇರಿಸಿದಷ್ಟು ತೂಗಬೇಕು.

ಇಂಡಕ್ಷನ್ ಒಲೆ ಒಳ್ಳೆಯದಾ ಅಂತ ಆಗಲೇ ಒಬ್ಬರು ಕೇಳಿದರು. ಲೆಕ್ಕ ಹೇಳುತ್ತೇನೆ, ತೀರ್ಮಾನ ನಿಮ್ಮದು. ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಕರೆಂಟಿನಷ್ಟು ಬಿಸಿ ಇದೆ. ಗ್ಯಾಸ್ ಒಲೆಯಲ್ಲಿ ಅರವತ್ತು ಪರ್ಸೆಂಟ್ ಪಾತ್ರೆಗೆ ಹೋಗುತ್ತದೆ ಅಂದುಕೊಳ್ಳಿ, ಉಳಿದದ್ದು ಅಡುಗೆ ಮನೆಗೆ. ಅಲ್ಲಿಗೆ ನಮಗೆ ಸಿಕ್ಕಿದ್ದು 110 ಯೂನಿಟ್. ಸಿಲಿಂಡರಿಗೆ 900 ರೂಪಾಯಿ ಇಟ್ಟುಕೊಂಡರೆ ಪಾತ್ರೆಗೆ ಬಿದ್ದ ಒಂದು ಯೂನಿಟ್ ಬಿಸಿಗೆ ಎಂಟು ರೂಪಾಯಿ ಚಿಲ್ಲರೆ. ಇಂಡಕ್ಷನ್‌ನಲ್ಲಿ ಎಂಬತ್ತೈದು ಪರ್ಸೆಂಟ್ ಪಾತ್ರೆಗೆ ಹೋಗುತ್ತದೆ. ಏಳು ರೂಪಾಯಿಯ ಕರೆಂಟಿಗೆ ಅದೂ ಎಂಟು ರೂಪಾಯಿ ಚಿಲ್ಲರೆ. ಹೆಚ್ಚು ಕಡಿಮೆ ಸಮ! ಹಾಗಾಗಿ ಇಂಡಕ್ಷನ್ ತಂದರೆ ಖರ್ಚು ಅರ್ಧ ಆಗುತ್ತದೆ ಅನ್ನುವ ಅಂಗಡಿಯವರ ಮಾತು ನಂಬಬೇಡಿ. ಹಾಲು, ಕಾಫಿ, ನೀರು ಕಾಯಿಸುವುದಕ್ಕೆ ಅದು ಚೆನ್ನ. ಬಾಣಲೆ ಒಗ್ಗರಣೆಗೆ ಗ್ಯಾಸೇ ಹಿತ.

ಸರ್ಕಾರ ಫ್ರೀ ಕರೆಂಟ್ ಕೊಡುವ ಗೃಹಜ್ಯೋತಿ ಇರುವವರಿಗೆ ಮಾತ್ರ ಲೆಕ್ಕ ಬೇರೆ. ಈಗ ಆ ಇನ್ನೂರರ ವಿಷಯಕ್ಕೆ ಬಂದೆ. 2023ರಲ್ಲಿ ಯೋಜನೆ ಬಂದಾಗ ಎಲ್ಲರಿಗೂ ಇನ್ನೂರು ಯೂನಿಟ್ ಫ್ರೀ ಅಂತ ಸುದ್ದಿಯಾಯಿತು. ಹಾಗಿಲ್ಲ. ಹಿಂದಿನ ವರ್ಷ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ನಿಮ್ಮ ಪಾಲು ಅಂತ ಮಾಡಿದರು. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಇನ್ನೂರು ದಾಟಿದಿರೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ನನಗೆ ಗೊತ್ತಿರುವ ಒಂದು ಮನೆ ಏಪ್ರಿಲ್‌ನಲ್ಲಿ 204 ಮುಟ್ಟಿತು. ನಾಲ್ಕು ಯೂನಿಟ್‌ಗೆ ಸಾವಿರದ ನಾನೂರು ರೂಪಾಯಿ. ಆ ಮನೆಯವರಿಗೆ ನಾನು ಹೇಳಿದ್ದು ಒಂದೇ. ತಿಂಗಳ ಇಪ್ಪತ್ತನೇ ದಿನ ಮೀಟರ್ ನೋಡಿ. ಹಿಂದಿನ ಬಿಲ್ಲಿನ ಅಂಕಿ ಕಳೆದ ಮೇಲೆ ನೂರಮೂವತ್ತೈದು ದಾಟಿದ್ದರೆ ಉಳಿದ ಹತ್ತು ದಿನ ಬಕೆಟ್ ಸ್ನಾನ.

ಫ್ಯಾನಿನದು ಸಣ್ಣ ಹಸಿವು, ಆದರೆ ಇಡೀ ದಿನ ತಿನ್ನುತ್ತದೆ. ಹಳೆಯ ಫ್ಯಾನ್ ಎಪ್ಪತ್ತೈದು ವ್ಯಾಟ್, ಕಡಿಮೆ ಕರೆಂಟಿನಲ್ಲಿ ತಿರುಗುವ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನ್ ಮೂವತ್ತು. ದಿನಕ್ಕೆ ಹದಿನೈದು ಗಂಟೆ ಓಡಿದರೆ ತಿಂಗಳಿಗೆ ಇಪ್ಪತ್ತು ಯೂನಿಟ್ ವ್ಯತ್ಯಾಸ, ನೂರನಲವತ್ತು ರೂಪಾಯಿ. ಮೂರು ಸಾವಿರ ಕೊಟ್ಟರೂ ಎರಡು ವರ್ಷದಲ್ಲಿ ಬಂತು. ಆದರೆ ಹಾಲ್ ಮತ್ತು ಮಲಗುವ ಕೋಣೆಗೆ ಮಾತ್ರ. ನೆಂಟರು ಬಂದಾಗ ತಿರುಗುವ ಫ್ಯಾನ್ ಹಾಗೇ ಇರಲಿ. ಬಿಎಲ್‌ಡಿಸಿ ಹಾಕುವಾಗ ಗೋಡೆಯ ರೆಗ್ಯುಲೇಟರ್ ತೆಗೆಸಿ ನೇರ ಕೊಡಿಸಿ. ಇಲ್ಲದಿದ್ದರೆ ಕೆಟ್ಟು ನನ್ನ ಅಂಗಡಿಗೆ ಬರುತ್ತದೆ. ನನಗೇನೋ ಸಂತೋಷವೇ.

ಫ್ರಿಜ್ ಬಗ್ಗೆ ಎರಡೇ ಮಾತು. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದರೆ ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ಇನ್ನೊಂದು, ಬಿಸಿ ಸಾರು ಒಳಗಿಡುವುದು, ಒಳಗಿನ ತಣ್ಣನೆ ಸಾರು ನೇರ ಒಲೆ ಮೇಲಿಡುವುದು. ಹೋಗುವಾಗ ಕರೆಂಟಿಗೆ ದಂಡ, ಬರುವಾಗ ಗ್ಯಾಸಿಗೆ ದಂಡ. ಎಸಿ ಇರುವವರು ಇಪ್ಪತ್ತನಾಲ್ಕಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಮೈಸೂರಿನಲ್ಲಿ ಎಸಿ ಬೇಕಾಗುವ ಕಾಲ ಬಂತಲ್ಲ ಅನ್ನುವುದೇ ನನಗೆ ಬೇಜಾರು.

ನೀರೆತ್ತುವ ಮೋಟರ್. ಒಂದು ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ಟ್ಯಾಂಕ್ ತುಂಬಿ ಸುರಿಯುವುದನ್ನು ಕೇಳಿಸಿಕೊಂಡು ಆಮೇಲೆ ಆಫ್ ಮಾಡುವ ಮನೆಗಳು ಇಲ್ಲೇ ಇವೆ, ಹೆಸರು ಹೇಳುವುದಿಲ್ಲ. ಕಕ್ಕಸಿನ ಫ್ಲಶ್ ಸೋರುತ್ತಿದ್ದರೆ ಅದೂ ಕರೆಂಟ್ ಬಿಲ್ಲೇ, ಆ ನೀರನ್ನೂ ಮೋಟರೇ ಎತ್ತಿದ್ದು.

ಕೊನೆಯದಾಗಿ ಮೀಟರ್ ಹತ್ತಿರ ಹೋಗೋಣ. ಅದರಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಅಥವಾ 1600 ಇಂಪಲ್ಸ್ ಅಂತ ಬರೆದಿರುತ್ತದೆ. 3200 ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. ಸಾವಿರ ವ್ಯಾಟ್ ಓಡುತ್ತಿದ್ದರೆ ನಿಮಿಷಕ್ಕೆ ಐವತ್ತಮೂರು ಸಲ ಮಿನುಗುತ್ತದೆ. ಎಲ್ಲ ಆಫ್ ಮಾಡಿ, ಒಂದೊಂದೇ ಸಾಮಾನು ಹಾಕಿ ಎಣಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಕೊಡಿ, ಖುಷಿಯಿಂದ ಎಣಿಸುತ್ತಾರೆ.

ಹೀಗೆ ಎಣಿಸಿದ ಒಬ್ಬ ಹೆಣ್ಣುಮಗಳು ಒಂದು ದೊಡ್ಡ ವಿಷಯ ಕಂಡುಹಿಡಿದಳು. ಕೆಳಗಿನ ಪೋರ್ಷನ್‌ನಲ್ಲಿ ಬಾಡಿಗೆಗೆ ಇದ್ದಳು. ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್. ಮನೆಯಲ್ಲಿ ಏನೂ ಹಾಕದಿದ್ದರೂ ದಿನಾ ಬೆಳಿಗ್ಗೆ ಏಳು ಗಂಟೆಗೆ ಅವಳ ಮೀಟರ್ ಪಟಪಟ ಮಿನುಗುತ್ತಿತ್ತು. ಮನೆ ಮಾಲೀಕರು ನೀರು ಬಿಡುವ ಹೊತ್ತು ಅದು. ಇಡೀ ಕಟ್ಟಡದ ಮೋಟರ್ ಅವಳ ಮೀಟರಿಗೆ ಸೇರಿತ್ತು. ಬೇಕಂತಲೇ ಮಾಡಿದ್ದಲ್ಲ, ಕಟ್ಟುವಾಗ ವೈರ್ ಎಳೆದವನ ತಪ್ಪು. ನಾನು ಹೋಗಿ ಬದಲಾಯಿಸಿಕೊಟ್ಟೆ. ಹಳೆಯ ದುಡ್ಡಿನ ಜಗಳ ಮಾತ್ರ ನನಗೆ ಬೇಡ ಅಂತ ಹೊರಟು ಬಂದೆ.

ಇಷ್ಟೆಲ್ಲ ಹೇಳುವ ನನ್ನ ಮನೆ ಹೇಗಿದೆ ಅಂತ ಕೇಳಬೇಕು ನೀವು. ಹೋದ ವರ್ಷ ನನ್ನ ಹೆಂಡತಿ ಒಂದು ರಾತ್ರಿ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತಿದ್ದಳು. "ರೀ, ಫ್ರಿಜ್ ಕೂಡ ಆಫ್ ಮಾಡಿದ್ದೀನಿ. ಇನ್ನೂ ಇಪ್ಪತ್ತೆರಡು ಸೆಕೆಂಡಿಗೆ ಒಂದು ಸಲ ಹೊಡೀತಿದೆ" ಅಂದಳು. ಐವತ್ತು ವ್ಯಾಟ್ ಅಂತ ಆಯಿತು. ತಿಂಗಳಿಗೆ ಮೂವತ್ತಾರು ಯೂನಿಟ್, ಇನ್ನೂರೈವತ್ತು ರೂಪಾಯಿ. ಮನೆಯೆಲ್ಲ ಹುಡುಕಿದೆ. ಕಡೆಗೆ ಸಿಕ್ಕಿದ್ದು ನಾನೇ ಹಾಕಿದ ಇನ್ವರ್ಟರ್. ಬ್ಯಾಟರಿಗೆ ಏಳು ವರ್ಷ ಆಗಿತ್ತು, ಡಿಸ್ಟಿಲ್ಡ್ ವಾಟರ್ ಹಾಕಿ ಒಂದು ವರ್ಷ. ಎಷ್ಟು ಕುಡಿಸಿದರೂ ತುಂಬದೆ ಹಗಲೂ ರಾತ್ರಿ ಚಾರ್ಜ್ ಆಗುತ್ತಲೇ ಇತ್ತು. ಮಾರನೇ ದಿನ ಹೊಸದು ಹಾಕಿದೆ. ಅವಳು ಈಗಲೂ ತಿಂಗಳಿಗೊಮ್ಮೆ ಎಣಿಸುತ್ತಾಳೆ, ನನ್ನನ್ನು ಕೇಳುವುದಿಲ್ಲ.